ಹತ್ತು ಬೈ ಹನ್ನೆರಡರ ಖೋಲಿ, ಒಂದು ಡಬ್ಬಿಯೊಳಗೆ

ಮುಂಬೈಯ ಲೋವರ್ ಪರೆಲ್‌ನಲ್ಲಿ, ಸಾಲು ಕೋಣೆಗಳ ಒಂದು ಚಾಳಿನಲ್ಲಿ ನಾವು ಆರು ಜನ ಇದ್ದ ಖೋಲಿ, ಅಂದರೆ ಕೋಣೆ, ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಆ ಚಾಳು ಈಗಿಲ್ಲ. ಖೋಲಿ ಮಾತ್ರ ನಮ್ಮ ಡೊಂಬಿವಲಿ ಮನೆಯಲ್ಲಿ ಟೀವಿ ಪಕ್ಕದ ಕಪಾಟಿನ ಮೇಲೆ ಕೂತಿದೆ: ಹತ್ತು ಇಂಚು ಅಗಲ, ಹನ್ನೆರಡು ಇಂಚು ಉದ್ದ. ಪಾತ್ರೆ ತೊಳೆಯುವ ಮೋರಿ, ಕಡಪಾ ಕಲ್ಲಿನ ಕಟ್ಟೆ, ಖೋಲಿಯ ಮುಂದಿನ ಗ್ಯಾಲರಿಯ ಬೆಂಚು, ಅಜ್ಜಿಯ ಕೌದಿ ಎಲ್ಲ ಒಳಗಿವೆ. ಈ ಪುಟ್ಟ ಮಾದರಿ ಮಾಡಲು ಏಳು ತಿಂಗಳು ಹಿಡಿಯಿತು. ಅದರಲ್ಲಿ ಎರಡು ತಿಂಗಳು ಮಾಡಿದ್ದನ್ನು ಬಿಸಾಡುವುದರಲ್ಲೇ ಹೋಯಿತು ಅನ್ನಿ. ನೀವಾದರೂ ಆ ಎರಡು ತಿಂಗಳು ಉಳಿಸಿಕೊಳ್ಳಿ ಎಂದು ಇದನ್ನು ಬರೆಯುತ್ತಿದ್ದೇನೆ.

ಗೊಂಬೆಮನೆ ಎಂದು ಹುಡುಕಿದರೆ ಕಾಣುವುದೆಲ್ಲ ಇಂಗ್ಲೆಂಡಿನ ಅಗ್ಗಿಷ್ಟಿಕೆ, ಹೂಬಳ್ಳಿಯ ಗೋಡೆಕಾಗದ, ಪಿಯಾನೋ. ಚೆಂದವೇ, ಬೇಡ ಅನ್ನುವುದಿಲ್ಲ. ಆದರೆ ಮೊದಲ ಸಲಕ್ಕೆ ನೀವೇ ಗುಡಿಸಿ ಒರೆಸಿದ ಒಂದು ಕೋಣೆ ಆರಿಸಿ. ಪಿಯಾನೋ ಕಾಲು ಎಷ್ಟು ದಪ್ಪ ಇರಬೇಕೆಂದು ನನ್ನ ಕೈಗೆ ಗೊತ್ತಿಲ್ಲ. ಮಣೆ ಎಷ್ಟು ದಪ್ಪ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಈ ಕೆಲಸವೆಲ್ಲ ನಿಂತಿರುವುದು ಆ ದಪ್ಪದ ಲೆಕ್ಕದ ಮೇಲೆ.

ಮೊದಲು ಅಳತೆ

ದಸರೆಗೆ ಗೊಂಬೆ ಕೂರಿಸುವಾಗ ಅಳತೆಯ ಗೊಡವೆ ಇಲ್ಲ. ಪಟ್ಟದ ಗೊಂಬೆಯ ಮೊಣಕಾಲಿಗೆ ಆನೆ ಬಂದರೂ ಯಾರೂ ಕೇಳುವುದಿಲ್ಲ. ಇಲ್ಲಿ ಹಾಗಾಗದು. ಹೆಚ್ಚಿನವರು ಹಿಡಿಯುವ ಅಳತೆ 1:12, ಅಂದರೆ ಒಂದು ಅಡಿಗೆ ಒಂದು ಇಂಚು. ನಮ್ಮ ಹೊಸದಿಲ್ಲಿಯ ನಕ್ಷೆ ಹಾಕಿದ ಎಡ್ವಿನ್ ಲುಟಿಯನ್ಸ್ ಅದೇ ವರ್ಷಗಳಲ್ಲಿ ಬ್ರಿಟನ್ನಿನ ರಾಣಿ ಮೇರಿಗೆ ಒಂದು ಗೊಂಬೆಮನೆಯನ್ನೂ ಕಟ್ಟಿಸಿದ. 1924ರಲ್ಲಿ ಮುಗಿದ ಆ ಮನೆ ಇವತ್ತಿಗೂ ವಿಂಡ್ಸರ್ ಅರಮನೆಯಲ್ಲಿದೆ. ಅದರ ಅಳತೆಯೂ 1:12. ಅತ್ತ ರಾಜಧಾನಿ, ಇತ್ತ ಬೆರಳುದ್ದದ ಕುರ್ಚಿ, ಎರಡನ್ನೂ ಒಂದೇ ಮೇಜಿನ ಮೇಲೆ ಗೀಚಿದ್ದನೋ ಏನೋ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಲೆಕ್ಕ ಸುಲಭ. ಅಡಿಗಳನ್ನು ಹಾಗೇ ಇಂಚು ಮಾಡಿ. ಮಿಕ್ಕ ಪ್ರತಿ ಇಂಚಿಗೆ ಎರಡು ಮಿಲಿಮೀಟರಿಗಿಂತ ಕೂದಲೆಳೆ ಹೆಚ್ಚು, ಅಂದರೆ 2.1 ಮಿ.ಮೀ. ಏಳಡಿಯ ಬಾಗಿಲು ಏಳು ಇಂಚು. ಹದಿನೆಂಟು ಇಂಚು ಎತ್ತರದ ಕುರ್ಚಿಯ ಆಸನ 38 ಮಿ.ಮೀ. ನಾಲ್ಕು ಇಂಚಿನ ಸ್ಟೀಲ್ ಲೋಟ ಎಂಟೂವರೆ ಮಿ.ಮೀ. ಐದೂವರೆ ಮೀಟರ್ ಸೀರೆ ಕೇವಲ 46 ಸೆಂ.ಮೀ. ಒಂದು ವಾರ ಟೇಪು ಹಿಡಿದು ಮನೆಯೆಲ್ಲ ಅಳೆಯಿರಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಉದ್ದ ಅಗಲವನ್ನು ಎಲ್ಲರೂ ಬರೆಯುತ್ತಾರೆ, ದಪ್ಪ ಬರೆಯುವುದನ್ನು ಮರೆಯುತ್ತಾರೆ. ನೋಡುವವರ ಕಣ್ಣಿಗೆ ಮೊದಲು ಕುಟುಕುವುದು ಆ ದಪ್ಪವೇ. ನನ್ನ ಮೊದಲ ಮಂಚದ ಕಾಲುಗಳು ಹತ್ತು ಮಿ.ಮೀ. ಚೌಕ ಇದ್ದವು. ಗೊಂಬೆಯ ಲೋಕದಲ್ಲಿ ಅದು ಐದು ಇಂಚಿನ ಕಂಬ! ಮಗ ನೋಡಿ, "ಮಮ್ಮಿ, ಇದು ಆನೆಗಾ?" ಅಂದ.

ಅಂಗಡಿಯ ಆಟಿಕೆ ತಂದು ಇಡುವಾಗಲೂ ಸ್ಕೇಲು ಹಿಡಿಯಿರಿ. ಬಾರ್ಬಿಯ ಸಾಮಾನು ಸುಮಾರು 1:6, ಅಂದರೆ ನಮ್ಮದರ ಎರಡರಷ್ಟು. ಪುಣೆಯ ಕರ್ವೆ ರಸ್ತೆಯ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿ ಬಂದವರಿಗೆ ಅಲ್ಲಿನ ಪುಟ್ಟ ಮನುಷ್ಯಗೊಂಬೆಗಳ ಮೇಲೆ ಆಸೆ ಹುಟ್ಟುತ್ತದೆ. ಆ ರೈಲು ಮಾದರಿಗಳಲ್ಲಿ ಬಳಕೆಯಾಗುವ ಎಚ್‌ಓ ಅಳತೆ 1:87. ಆ ಮನುಷ್ಯ ಎರಡು ಸೆಂ.ಮೀ. ಇರುತ್ತಾನೆ, ನಮ್ಮ ಖೋಲಿಯಲ್ಲಿ ನಿಂತರೆ ಮಂಚಕ್ಕೂ ಕೈ ಎಟಕುವುದಿಲ್ಲ. ಪುಣೆಯದೇ ತುಳಶಿಬಾಗ್ ಮಾರುಕಟ್ಟೆಯಲ್ಲಿ ಸಿಗುವ ಹಿತ್ತಾಳೆಯ ಭಾತುಕಲಿ ಪಾತ್ರೆಗಳದ್ದು ಇನ್ನೊಂದು ಕಥೆ. ಅವು ಮಕ್ಕಳ ಅಡುಗೆ ಆಟಕ್ಕೆ ಮಾಡಿದವು, ಒಂದಕ್ಕೊಂದು ಅಳತೆ ಕೂಡುವುದಿಲ್ಲ. ಎರಡು ಇಂಚಿನ ಕೊಳಗ ಇಲ್ಲಿ ಎರಡು ಅಡಿಯ ಹಂಡೆಯಾಗುತ್ತದೆ. ಹಂಡೆಯೇ ಬೇಕಿದ್ದರೆ ತನ್ನಿ, ನಾನೂ ಒಂದು ತಂದಿದ್ದೇನೆ.

ಸಾಮಾನು ತರಲು ಹೋಗುವಾಗ

ಹೆಚ್ಚೇನೂ ಬೇಡ. ತೆಳು ಬ್ಲೇಡಿನ ಕಟರ್, ಸ್ಟೀಲ್ ಸ್ಕೇಲು, ಕಟಿಂಗ್ ಮ್ಯಾಟ್, ಚೂಪು ಚಿಮಟ, 220, 400 ಮತ್ತು 600 ನಂಬರಿನ ಮರಳು ಕಾಗದ, ಬಟ್ಟೆ ಒಣಹಾಕುವ ಕ್ಲಿಪ್ಪು, ಬಿಳಿ ಫೆವಿಕಾಲ್, ಐಸ್‌ಕ್ರೀಮ್ ಕಡ್ಡಿಯ ಒಂದು ಕಟ್ಟು, ಗೋಡೆಗೆ ಐದು ಮಿ.ಮೀ. ಸನ್‌ಬೋರ್ಡ್ (ಹಗುರವಾದ ಫೋಮಿನ ಹಲಗೆ), ಒಂದು ಮಿ.ಮೀ. ದಪ್ಪದ ರಟ್ಟು. ಕ್ರಾಫರ್ಡ್ ಮಾರ್ಕೆಟ್ಟಿನ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಕಾಗದ, ರಟ್ಟು, ಬಣ್ಣದ್ದೆಲ್ಲ ಮುಗಿಯುತ್ತದೆ. ಬಟ್ಟೆಗೆ ಅಲ್ಲೇ ಹತ್ತಿರ ಮಂಗಳದಾಸ್ ಮಾರ್ಕೆಟ್ ಇದೆ. ಆದರೆ ಗೊಂಬೆಮನೆಗೆ ಬಟ್ಟೆ ಕೊಳ್ಳುವುದು ದಂಡ. ನಿಮ್ಮ ಟೇಲರ್ ಹತ್ತಿರ ಕೇಳಿ, ಕತ್ರಣದ, ಅಂದರೆ ಚೂರುಬಟ್ಟೆಯ, ಚೀಲವನ್ನೇ ಕೊಟ್ಟುಬಿಡುತ್ತಾನೆ. ಬಟನ್ನು, ಲೇಸಿಗೆ ಭುಲೇಶ್ವರ. ಸಂಜೆ ಲೋಕಲ್ಲಿನಲ್ಲಿ ಸನ್‌ಬೋರ್ಡಿನ ಹಾಳೆ ಹಿಡಿದು ಹತ್ತುವ ಸಾಹಸ ಮಾತ್ರ ಬೇಡ. ಅಂಗಡಿಯಲ್ಲೇ ಬೇಕಾದ ಅಳತೆಗೆ ಕೊಯ್ಯಿಸಿ, ಚೀಲಕ್ಕೆ ಹಾಕಿಕೊಂಡು ಬನ್ನಿ.

ಡಬ್ಬಿ ಮತ್ತು ನೆಲ

ಖೋಲಿ ಅಂದರೆ ಮುಂದುಗಡೆ ತೆರೆದ ಒಂದು ಡಬ್ಬಿ. ನೆಲ, ಹಿಂಗೋಡೆ, ಎರಡು ಪಕ್ಕ, ಮೇಲೆ ಮಾಡು. ಮಾಡನ್ನು ಕಡೆಯವರೆಗೂ ಅಂಟಿಸಬೇಡಿ, ಕೈ ಹಾಕಲು ಜಾಗ ಬೇಕು. ಗೋಡೆ ನಿಲ್ಲಿಸುವ ಮುಂಚೆ, ಮಲಗಿರುವಾಗಲೇ ಬಣ್ಣ ಹೊಡೆದುಬಿಡಿ. ನಮ್ಮದು ಕೆಳಗೆ ನಾಲ್ಕಡಿ ಹಸಿರು ಆಯಿಲ್ ಪೇಂಟು, ಮೇಲೆ ಸುಣ್ಣದ ಬಿಳಿ. ಆಯಿಲ್ ಪೇಂಟಿನ ಹೊಳಪಿಗೆ ಅಕ್ರಿಲಿಕ್ ಬಣ್ಣದ ಮೇಲೆ ಒಂದು ಪದರ ವಾರ್ನಿಶ್ ಸಾಕು.

ನೆಲಕ್ಕೆ ಶಹಾಬಾದಿ ಹಾಸಿ. ಕಲಬುರಗಿಯ ಶಹಾಬಾದದ ಕಲ್ಲು ಮುಂಬೈಯ ಎಷ್ಟು ಖೋಲಿಗಳ ನೆಲವಾಗಿದೆಯೋ ಲೆಕ್ಕವಿಲ್ಲ. ನಮಗಿಂತ ಮೊದಲೇ ಇಲ್ಲಿಗೆ ಬಂದು ನೆಲೆಸಿದ ಕನ್ನಡದ್ದು ಅದು ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಒಂದಡಿ ಚೌಕದ ಕಲ್ಲು ಇಲ್ಲಿ ಒಂದಿಂಚು. ರಟ್ಟನ್ನು 25 ಮಿ.ಮೀ. ಚೌಕಗಳಾಗಿ ಕತ್ತರಿಸಿ. ಇಂಚಿಗೆ ಉಳಿಯುವ 0.4 ಮಿ.ಮೀ. ಕಲ್ಲುಗಳ ನಡುವಿನ ಸಂದಿಗೆ ಸರಿಹೋಗುತ್ತದೆ. ಒಟ್ಟು 120 ಚೌಕ. ಎಲ್ಲಕ್ಕೂ ಒಂದೇ ಬೂದು ಬಣ್ಣ ಬಳಿದರೆ ಪ್ಲಾಸ್ಟಿಕ್ ಹಾಸಿದಂತೆ ಕಾಣುತ್ತದೆ. ಮೂರು ಬೂದು ಕಲಸಿ: ಒಂದಕ್ಕೆ ನೀಲಿ ಸ್ವಲ್ಪ, ಇನ್ನೊಂದಕ್ಕೆ ಹಸಿರು ಸ್ವಲ್ಪ. ಹಳೆಯ ಟೂತ್‌ಬ್ರಶ್ಶಿನಿಂದ ಬಿಳಿಯ ಹನಿ ಎರಚಿ. ಅಂಚನ್ನು ಮರಳು ಕಾಗದದಿಂದ ಒಂದೊಂದು ಸಲ ಸವರಿ, ಆಮೇಲೆ ಅಂಟಿಸಿ. ಮೋರಿ ಮೂಲೆಯ ನಾಲ್ಕು ಕಲ್ಲುಗಳಿಗೆ ಹೊಳಪು ವಾರ್ನಿಶ್ ಬಳಿದರೆ ನೀರು ಚೆಲ್ಲಿದ ಹಾಗೆ ಕಾಣುತ್ತದೆ. ಕರ್ನಾಟಕದ ಓದುಗರಿಗೊಂದು ಮಾತು: ಇಲ್ಲಿ ಮೋರಿ ಅಂದರೆ ಚರಂಡಿ ಎಂದುಕೊಳ್ಳಬೇಡಿ. ಖೋಲಿಯೊಳಗೇ ಪಾತ್ರೆ ತೊಳೆಯುವ, ಮೀಯುವ ಕಟ್ಟೆಕಟ್ಟಿದ ಮೂಲೆ ಅದು.

ಬೆಂಚು: ಐದು ಕಡ್ಡಿಯ ಕೆಲಸ

ಮರಗೆಲಸ ಕಲಿಯಲು ಮಂಚಕ್ಕಿಂತ ಬೆಂಚು ವಾಸಿ. ಮಂಚಕ್ಕೆ ಆರಿಂಚು ಉದ್ದದ ಪಟ್ಟಿ ಬೇಕು, ಮಾಮೂಲಿ ಐಸ್‌ಕ್ರೀಮ್ ಕಡ್ಡಿ ನಾಲ್ಕೂವರೆ ಇಂಚೂ ಇರುವುದಿಲ್ಲ. ಅದಕ್ಕೆ ಬಾಲ್ಸಾ ಮರದ ಪಟ್ಟಿ ತರಬೇಕಾಗುತ್ತದೆ. ಬೆಂಚು ಹಾಗಲ್ಲ, ಕಡ್ಡಿಗೇ ಹುಟ್ಟಿದ್ದು. ಕಡ್ಡಿಯ ಅಗಲ ಹತ್ತು, ದಪ್ಪ ಎರಡು ಮಿ.ಮೀ. ಎರಡು ಮಿ.ಮೀ. ಎಂದರೆ ನಿಜದ ಲೋಕದಲ್ಲಿ 24 ಮಿ.ಮೀ., ಹೆಚ್ಚುಕಮ್ಮಿ ಒಂದಿಂಚಿನ ಹಲಗೆ.

ಮೂರಡಿಯ ಬೆಂಚಿಗೆ 76 ಮಿ.ಮೀ. ಉದ್ದದ ಎರಡು ತುಂಡು ಪಕ್ಕಪಕ್ಕ ಇಟ್ಟರೆ ಮೇಲಿನ ಹಲಗೆ ಆಯಿತು. ಕಾಲಿಗೆ ಇನ್ನೆರಡು ಕಡ್ಡಿಗಳನ್ನು ಉದ್ದಕ್ಕೆ ಸೀಳಿ, 36 ಮಿ.ಮೀ. ತುಂಡು ಎಂಟು ಮಾಡಿ. ಎರಡೆರಡು ಅಂಟಿಸಿದರೆ ಗಟ್ಟಿ ಕಾಲು ನಾಲ್ಕು. ಐದನೆಯ ಕಡ್ಡಿಯಿಂದ ಕಾಲುಗಳ ನಡುವಿನ ಅಡ್ಡಪಟ್ಟಿ. ಕತ್ತರಿಯಿಂದ ಕತ್ತರಿಸಿದರೆ ಕಡ್ಡಿ ಸೀಳುತ್ತದೆ. ಸ್ಟೀಲ್ ಸ್ಕೇಲು ಒತ್ತಿ ಹಿಡಿದು ಕಟರನ್ನು ಹಗುರವಾಗಿ ಏಳೆಂಟು ಸಲ ಎಳೆಯಿರಿ, ತಿರುಗಿಸಿ ಆ ಬದಿಯಿಂದಲೂ ಎಳೆಯಿರಿ, ಆಮೇಲೆ ಅದು ತಾನಾಗಿ ಮುರಿಯುತ್ತದೆ. ಒಂದೇ ಏಟಿಗೆ ಕೊಯ್ಯಹೋದವರ ಎಡಗೈ ಹೆಬ್ಬೆರಳಿಗೆ ಪಟ್ಟಿ ಬಿದ್ದೇ ಬೀಳುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಬಣ್ಣ ಮೊದಲು, ಅಂಟು ಆಮೇಲೆ. ಫೆವಿಕಾಲ್ ತಾಗಿದ ಮರ ಬಣ್ಣ ಕುಡಿಯುವುದಿಲ್ಲ, ಅಲ್ಲಿ ಬಿಳಿಚಿದ ಕಲೆ ಉಳಿಯುತ್ತದೆ. ತುಂಡುಗಳನ್ನು ಉಜ್ಜಿ, ಬಣ್ಣ ಕೊಟ್ಟು, ಒಣಗಿಸಿ, ಆಮೇಲೇ ಜೋಡಿಸಿ. ಬಣ್ಣಕ್ಕೆ ನಾನು ಬಳಸುವುದು ಕಾಫಿ ಡಿಕಾಕ್ಷನ್. ಮಾಟುಂಗಾದಿಂದ ತಂದ ಪುಡಿಯ ಮೊದಲ ಡಿಕಾಕ್ಷನ್ ನಮಗೆ, ಎರಡನೆಯದು ಬೆಂಚಿಗೆ. ಎರಡು ಮೂರು ಸಲ ಬಳಿದರೆ ಹಳೆಯ ಸಾಗುವಾನಿಯ ಹಾಗೆ ಕಾಣುತ್ತದೆ. ಒದ್ದೆಯಾದಾಗ ಮರದ ನಾರು ಏಳುತ್ತದೆ, ಒಣಗಿದ ಮೇಲೆ 600ರ ಕಾಗದದಿಂದ ಒಂದು ಸಲ ಸವರಿ. ಬೆಂಚಿನ ನಡುವೆ, ಜನ ಕೂರುವಲ್ಲಿ, ಸ್ವಲ್ಪ ಹೆಚ್ಚು ಉಜ್ಜಿ ತೆಳುಬಣ್ಣ ಮಾಡಿ. ನಮ್ಮ ಗ್ಯಾಲರಿಯ ಬೆಂಚು ಸವೆದಿದ್ದು ಎಡತುದಿಯಲ್ಲಿ, ಅಲ್ಲಿ ಕೂತರೆ ನಲ್ಲಿ ಕಾಣುತ್ತಿತ್ತು.

ಅಂಟು ಹಚ್ಚಿ ಕ್ಲಿಪ್ಪು ಹಾಕಿ ಅರ್ಧ ಗಂಟೆ, ಮುಟ್ಟದೆ ಒಂದು ದಿನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ದಿನ ಎಂದು ಇಟ್ಟುಕೊಳ್ಳಿ. ಮುಂಬೈ ಮಳೆಗಾಲದಲ್ಲಿ ರಟ್ಟು ಬಾಗುತ್ತದೆ, ಮರಕ್ಕೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ರಟ್ಟಿನ ಎರಡೂ ಬದಿಗೆ ಬಣ್ಣ ಹೊಡೆಯಿರಿ. ಒಂದೇ ಬದಿಗೆ ಹೊಡೆದದ್ದು ಹಪ್ಪಳದ ಹಾಗೆ ಸುರುಳಿಯಾಗುತ್ತದೆ. ಅವಸರಕ್ಕೆ ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಬಳಸಿದರೆ ಆ ತೇವದಲ್ಲಿ ಜೋಡಣೆಯ ಸುತ್ತ ಬಿಳಿ ಮಂಜು ಕೂರುತ್ತದೆ. ನನ್ನ ಕಪಾಟಿನ ಕನ್ನಡಿ ಹಾಗೆಯೇ ಹಾಳಾಯಿತು.

ಕಪಾಟು ಅಂದೆನಲ್ಲ, ಆ ಬೂದು ಬಣ್ಣದ ಕಬ್ಬಿಣದ ಕಪಾಟಿಗೆ ಕಬ್ಬಿಣ ಬೇಡ. ಆರೂವರೆ, ಮೂರು, ಒಂದೂವರೆ ಇಂಚಿನ ರಟ್ಟಿನ ಡಬ್ಬಿ ಮಾಡಿ, ನುಣ್ಣಗೆ ಉಜ್ಜಿ ಬೂದು ಬಣ್ಣ ಕೊಟ್ಟರೆ ಆಯಿತು. ಹಿಡಿಕೆಗೆ ಬಗ್ಗಿಸಿದ ಗುಂಡುಪಿನ್ನು.

ಸೂಜಿಯ ಕೆಲಸ

ಮರ ನಿಮ್ಮ ಮಾತು ಕೇಳುತ್ತದೆ. ಬಟ್ಟೆ ಕೇಳುವುದಿಲ್ಲ. ಬಟ್ಟೆಯನ್ನು ಎಷ್ಟು ಚಿಕ್ಕದಾಗಿ ಕತ್ತರಿಸಿದರೂ ಅದರ ನೇಯ್ಗೆ ಚಿಕ್ಕದಾಗದು, ಭಾರವೂ ಅದಕ್ಕೆ ತಕ್ಕಂತೆ ಇಳಿಯದು. ಅದಕ್ಕೇ ಗೊಂಬೆಮನೆಯ ಪರದೆಗಳು ರಟ್ಟಿನ ಹಾಗೆ ನಿಂತಿರುತ್ತವೆ. ಹೊಲಿಗೆ ದಾರ ಕಾಲು ಮಿ.ಮೀ.ಯಷ್ಟು ದಪ್ಪ; ಹನ್ನೆರಡರಿಂದ ಗುಣಿಸಿ, ಮೂರು ಮಿ.ಮೀ. ಸುತಳಿ! ಸುತಳಿಯಲ್ಲಿ ಹೊಲಿದ ದಿಂಬಿನ ಮೇಲೆ ಯಾರು ತಲೆ ಇಟ್ಟಾರು?

ಹಾಗಾಗಿ ಮೊದಲು ಕೌದಿ ಮಾಡಿ. ಕೌದಿಗೆ ದಪ್ಪ ದಾರ, ಎದ್ದು ಕಾಣುವ ಹೊಲಿಗೆಯೇ ಲಕ್ಷಣ. ಸುತಳಿಯ ದೋಷ ಅಲ್ಲಿ ಗುಣವಾಗುತ್ತದೆ.

ಆರಡಿಗೆ ನಾಲ್ಕಡಿಯ ಕೌದಿ ಇಲ್ಲಿ ಆರು ಇಂಚಿಗೆ ನಾಲ್ಕು. ಕೆಳಪದರಕ್ಕೆ ತೊಳೆದು ತೊಳೆದು ತೆಳುವಾದ ಹಳೆಯ ಧೋತರ, ಸುತ್ತಲೂ ಒಂದು ಸೆಂ.ಮೀ. ಹೆಚ್ಚಿಗೆ ಬಿಟ್ಟು. ಮೇಲಿನ ತುಂಡುಗಳು ಅರ್ಧ ಇಂಚಿನ ಚೌಕ, ತೊಂಬತ್ತಾರು. ಬಟ್ಟೆಯ ಮೇಲಿನ ಹೂವು ಸಾಸಿವೆ ಕಾಳಿಗಿಂತ ದೊಡ್ಡದಿರಬಾರದು. ಮಕ್ಕಳ ಹಳೆಯ ಜಬಲಾ, ಸಣ್ಣ ಚೌಕಳಿಯ ಅಂಗಿ, ಕರವಸ್ತ್ರದ ಅಂಚು ಹುಡುಕಿ. ಗುಳೇದಗುಡ್ಡದ ಖಣದ ಚೂರು ಸಿಕ್ಕರೆ ಬಿಡಬೇಡಿ, ಆ ಪುಟ್ಟ ಬುಟ್ಟಾ ಈ ಅಳತೆಗೆ ಒಗ್ಗುತ್ತದೆ.

ಒಂದು ಪಾಲು ಫೆವಿಕಾಲಿಗೆ ಮೂರು ಪಾಲು ನೀರು ಬೆರೆಸಿ, ಬಟ್ಟೆಯ ಹಿಂಬದಿಯಲ್ಲಿ ಕತ್ತರಿಸಬೇಕಾದ ಗೆರೆಯ ಮೇಲಷ್ಟೇ ಸಣ್ಣ ಕುಂಚದಿಂದ ಬಳಿಯಿರಿ. ಒಣಗಿದ ಮೇಲೆ ಕತ್ತರಿಸಿದರೆ ಎಳೆ ಬಿಚ್ಚುವುದಿಲ್ಲ, ಅಂಚು ಮಡಿಸುವ ಅಗತ್ಯವೂ ಇಲ್ಲ. ಮಡಿಸಿದಿರೋ, ದಪ್ಪ ಮೂರು ಪಟ್ಟು. ಇಡೀ ಚೌಕಕ್ಕೆ ಬಳಿದರೆ ಸೂಜಿ ಒಳಗೆ ಹೋಗುವುದಿಲ್ಲ, ಎಚ್ಚರ. ತುಂಡುಗಳನ್ನು ಧೋತರದ ಮೇಲೆ ಚೂರೇ ಚೂರು ಒಂದರ ಮೇಲೊಂದು ಬರುವಂತೆ ಜೋಡಿಸಿ, ನಡುವೆ ಅಂಟಿನ ಒಂದು ಚುಕ್ಕೆ ಇಟ್ಟು ಕೂರಿಸಿ.

ಸೂಜಿ ಹತ್ತು ಅಥವಾ ಹನ್ನೆರಡನೇ ನಂಬರು. ಸೂಜಿಯಲ್ಲಿ ನಂಬರು ಏರಿದಷ್ಟೂ ಸಣ್ಣ. ಕಸೂತಿ ದಾರದ ಆರು ಎಳೆಗಳಲ್ಲಿ ಒಂದನ್ನು ಬಿಡಿಸಿಕೊಳ್ಳಿ. ಅಜ್ಜಿ ಹೊಲಿಯುತ್ತಿದ್ದ ಹಾಗೇ ಒಂದು ಮೂಲೆಯಿಂದ ಹೊರಟು, ಅಂಚಿನುದ್ದಕ್ಕೆ ಸುತ್ತುತ್ತಾ ನಡುವಿಗೆ ಬನ್ನಿ. ಸಾಲಿನಿಂದ ಸಾಲಿಗೆ ಎರಡು ಮಿ.ಮೀ. ನಿಜದ ಕೌದಿಯ ಕಾಲಿಂಚಿನ ಹೊಲಿಗೆ ಇಲ್ಲಿ ಅರ್ಧ ಮಿ.ಮೀ. ಆಗಬೇಕು, ಅದು ಮನುಷ್ಯರ ಕೈಗೆ ಆಗುವ ಮಾತಲ್ಲ. ಒಂದು, ಒಂದೂವರೆ ಮಿ.ಮೀ. ಬಂದರೆ ತೃಪ್ತಿಪಡಿ. ಬೆಳಗ್ಗೆ ಹತ್ತರಿಂದ ಹನ್ನೆರಡರ ಬೆಳಕಿನಲ್ಲಿ ಕಿಟಕಿಗೆ ಪಕ್ಕ ಕೊಟ್ಟು ಕೂತು, ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ದೂರದ್ದೇನಾದರೂ ನೋಡಿ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಹೊಲಿದದ್ದನ್ನು ಬೆಳಗ್ಗೆ ಬಿಚ್ಚುವುದೇ ಆಗುತ್ತದೆ. ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಕೌದಿಯ ನಾಲ್ಕು ಮೂಲೆಗೂ ಮಡಿಸಿದ ಮುಕ್ಕೋನದ ಚೂರು ಇಡುತ್ತಾರೆ. ಅದಕ್ಕೆ ಫೂಲ ಎಂದು ಹೆಸರು, ಅದಿಲ್ಲದ ಕೌದಿ ಅವರಿಗೆ ಬೆತ್ತಲೆ. ನಾನೂ ಇಟ್ಟೆ. ನಾಲ್ಕು ಮೂಲೆಗೆ ನಾಲ್ಕು ದಿನ.

ಅವ್ವನಿಗೆ ತೋರಿಸಿದೆ. ಕನ್ನಡಕ ಏರಿಸಿ, ಅಂಗೈ ಮೇಲೆ ಹರಡಿ ನೋಡಿದಳು. "ಹೊಲಿಗಿ ಛಂದ ಬಂದೈತಿ. ಆದ್ರ ಇಷ್ಟ್ ಸಣ್ಣ ಕೌದ್ಯಾಗ ಯಾರ್ ಮಲಗಬೇಕವಾ, ಇಲಿಮರಿ?"

ಎರಡನೆಯ ಹಂತಕ್ಕೆ ಕಸೂತಿ. ಎಳೆ ಎಣಿಸಿ ಹಾಕುವ ಕಸೂತಿ ಇದಕ್ಕೆ ಹೇಳಿಮಾಡಿಸಿದ್ದು, ಏಕೆಂದರೆ ಎಣಿಕೆ ಅದೇ ಇರುತ್ತದೆ, ಬಟ್ಟೆ ಬದಲಾದರೆ ಗಾತ್ರ ಬದಲಾಗುತ್ತದೆ. ಇಪ್ಪತ್ತು ಹೊಲಿಗೆ ಅಗಲದ ಗೋಪುರದ ಚಿತ್ತಾರವನ್ನು ಇಂಚಿಗೆ 14 ಮನೆಯ ಐಡಾ ಬಟ್ಟೆಯ (ಎಣಿಸಲು ಸುಲಭವಾಗುವಂತೆ ಚೌಕಚೌಕವಾಗಿ ನೇಯ್ದದ್ದು) ಮೇಲೆ ಹಾಕಿದರೆ 36 ಮಿ.ಮೀ., ಗೊಂಬೆಯ ಲೆಕ್ಕದಲ್ಲಿ ಒಂದೂವರೆ ಅಡಿ ಹತ್ತಿರ. ಇಂಚಿಗೆ 28 ಎಳೆಯ ಬಟ್ಟೆಯಲ್ಲಿ ಒಂದೊಂದೇ ಎಳೆ ಎಣಿಸಿದರೆ 18 ಮಿ.ಮೀ. ವಿದೇಶದಲ್ಲಿ ಪಳಗಿದವರು 40ರ ರೇಷ್ಮೆ ಜಾಲರಿಯಲ್ಲಿ ಹಾಕುತ್ತಾರೆ, ಅದರಲ್ಲಿ ಹದಿಮೂರು ಮಿ.ಮೀ.ಗೂ ಕಡಿಮೆ. 18ರ ಐಡಾದಲ್ಲಿ ಶುರು ಮಾಡಿ, 28ಕ್ಕೆ ಬನ್ನಿ. ಕಸೂತಿಯ ಗವಂತಿ, ಮುರ್ಗಿ ಎಂಬ ಎರಡೂ ಹೊಲಿಗೆಗಳಿಗೆ ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಈ ಅಳತೆಯಲ್ಲಿ ಗಂಟೆಂದರೆ ದಿಂಬಿನೊಳಗೆ ಗೋಲಿ, ಹಾಗಾಗಿ ಆ ಹಳೆಯ ನಿಯಮವನ್ನು ಮುರಿಯಬೇಡಿ. ಮೆಂತೆ ಹೊಲಿಗೆ ದಪ್ಪ ಬರುತ್ತದೆ, ಇಲ್ಲಿ ಬೇಡ.

ಗ್ಯಾಲರಿಯಲ್ಲಿ ಒಣಹಾಕಿದ ಸೀರೆಗೆ ಹಳೆಯ ರೇಷ್ಮೆಯ ಅಥವಾ ಮಲ್ ಬಟ್ಟೆಯ 46 ಸೆಂ.ಮೀ. ಉದ್ದ, ಒಂಬತ್ತೂವರೆ ಅಗಲದ ತುಂಡು. ಮೇಲೆ ಹೇಳಿದ ನೀರು ಫೆವಿಕಾಲನ್ನು ಇನ್ನಷ್ಟು ತೆಳು ಮಾಡಿ ಅದರಲ್ಲಿ ಅದ್ದಿ, ಪ್ಲಾಸ್ಟಿಕ್ ಸುತ್ತಿದ ಥರ್ಮಾಕೋಲಿನ ಮೇಲೆ ನೆರಿಗೆ ಕೂರಿಸಿ ಪಿನ್ನು ಚುಚ್ಚಿ ಒಣಗಲು ಬಿಡಿ. ಬಟ್ಟೆ ತಾನಾಗಿ ಇಳಿಬೀಳುವುದಿಲ್ಲ, ನಾವು ಇಳಿಬೀಳಿಸಬೇಕು.

ಅಡುಗೆ ಕಟ್ಟೆ, ದೀಪ

ಕಡಪಾ ಕಟ್ಟೆಗೆ ರಟ್ಟಿನ ಮೇಲೆ ಕರಿ ಬಣ್ಣ, ಮೇಲೆ ಹೊಳಪು ವಾರ್ನಿಶ್. ಟಿಚ್ ಬಟನ್ನಿನ ಅರ್ಧ ತಟ್ಟೆಯಾಗುತ್ತದೆ. ಎಂಟು ಸೆಂ.ಮೀ. ಇಡ್ಲಿ ಇಲ್ಲಿ ಏಳು ಮಿ.ಮೀ.ಗೂ ಕಡಿಮೆ. ಗಾಳಿಗೆ ಒಣಗುವ ಬಿಳಿ ಜೇಡಿಯನ್ನು ಉಂಡೆ ಕಟ್ಟಿ ಒತ್ತಿ, ಟೂತ್‌ಬ್ರಶ್ಶಿನಿಂದ ಮೆಲ್ಲಗೆ ತಟ್ಟಿದರೆ ಇಡ್ಲಿಯ ರಂಧ್ರಗಳು ಬರುತ್ತವೆ. ಒಣಗುವಾಗ ಕುಗ್ಗುತ್ತದೆ, ಒಂದು ಕೂದಲು ದೊಡ್ಡದೇ ಮಾಡಿ. ಅನ್ನಕ್ಕೆ ನಾನು ಜಾಣತನ ಮಾಡಿ ನಿಜವಾದ ರವೆ ಅಂಟಿಸಿದ್ದೆ. ಆಗಸ್ಟಿನಲ್ಲಿ ನೋಡಿದರೆ ಅನ್ನದಲ್ಲಿ ಹುಳ, ಹುಳದ ಹಿಂದೆ ಇರುವೆ, ಖೋಲಿಯೆಲ್ಲ ಓಡಾಟ. ತಿನ್ನುವ ಪದಾರ್ಥ ಏನನ್ನೂ ಒಳಗೆ ಇಡಬೇಡಿ.

ದೀಪಕ್ಕೆ ಒಂದು ಹಳದಿ ಬೆಳಕಿನ ಮೂರು ಮಿ.ಮೀ. ಎಲ್‌ಇಡಿ, ಸಿಆರ್2032 ಎಂಬ ನಾಣ್ಯದಂಥ ಮೂರು ವೋಲ್ಟ್ ಸೆಲ್ಲು ಸಾಕು. ಎಲ್‌ಇಡಿಯ ಉದ್ದ ಕಾಲು ಸೆಲ್ಲಿನ ಧನ (+) ಬದಿಗೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಸೆಲ್ಲನ್ನು ಸ್ಕ್ರೂ ಹಾಕಿ ಮುಚ್ಚುವ ಡಬ್ಬಿಯಲ್ಲೇ ಇಡಿ. ಅದನ್ನು ನುಂಗಿದರೆ ಜೀವಕ್ಕೇ ಅಪಾಯ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಪ್ರತಿಯೊಂದು ಸಾಮಾನು ಇಟ್ಟಾಗಲೂ ಮೊಬೈಲನ್ನು ನೆಲಮಟ್ಟಕ್ಕೆ ಇಳಿಸಿ, ಗೊಂಬೆ ನಿಂತರೆ ಅದರ ಕಣ್ಣು ಎಲ್ಲಿರುತ್ತದೋ ಅಲ್ಲಿಂದ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಮೇಲಿನಿಂದ ನೋಡುವಾಗ ಕ್ಷಮಿಸಿದ್ದನ್ನೆಲ್ಲ ಫೋಟೋ ಹೇಳಿಬಿಡುತ್ತದೆ: ಅಂಟಿನ ಹನಿ, ಸೊಟ್ಟ ಕಾಲು, ದಪ್ಪ ಅಂಚು. ಎಲ್ಲ ಮುಗಿದ ಮೇಲೆ ಮುಂದುಗಡೆಗೆ ಎರಡು ಮಿ.ಮೀ. ಅಕ್ರಿಲಿಕ್ ಹಾಳೆ, ಜಾರಿಸಿ ತೆಗೆಯುವ ಹಾಗೆ. ಇಲ್ಲದಿದ್ದರೆ ಈ ಊರಿನ ಧೂಳು ಒಂದೇ ತಿಂಗಳಲ್ಲಿ ಕೌದಿಯನ್ನು ನುಂಗುತ್ತದೆ.

ಆ ಹಾಳೆ ಹಾಕುವ ದಿನ ಅವ್ವ ಕುರ್ಚಿ ಎಳೆದುಕೊಂಡು ಕೂತಳು. ಮೋರಿ ನೋಡಿದಳು, ಬೆಂಚಿನ ಎಡತುದಿ ನೋಡಿದಳು, ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ ಕೇಳಿದಳು: "ಬಾಗಲಾ ಹಿಂದ ಕಸಬರಿಗಿ ಎಲ್ಲೈತಿ?"

ಮರೆತಿದ್ದೆ. ಹಳೆಯ ಪೇಂಟ್ ಬ್ರಶ್ಶಿನ ಕೂದಲು ಒಂದು ಚಿಟಿಕೆ, ಐದು ಸೆಂ.ಮೀ. ಉದ್ದ. ಬುಡಕ್ಕೆ ಅಂಟು ಸವರಿ, ಹಲ್ಲುಕಡ್ಡಿಯ ತುದಿಗೆ ಸುತ್ತಿ, ಒಂದೆಳೆ ಕೆಂಪು ದಾರದಲ್ಲಿ ಬಿಗಿದು ಕಟ್ಟಿ, ತುದಿಯನ್ನು ಓರೆಯಾಗಿ ಕತ್ತರಿಸಿ, ಒಂದು ಬದಿ ಸವೆದ ಹಾಗೆ. ಒಟ್ಟು ಎಂಟೊಂಬತ್ತು ಸೆಂ.ಮೀ. ಮಾಡಿ ಬಾಗಿಲ ಹಿಂದೆ ಒರಗಿಸಿದೆ. ಅವ್ವ ಚಿಮಟ ಇಸಿದುಕೊಂಡು ಅದನ್ನು ನೆಲಕ್ಕೆ ಮಲಗಿಸಿದಳು. "ನಿಂದರಸಬಾರದು," ಅಂದಳು.